ಕಾಲಿಗೆ ಬಲ, ಉಸಿರಿಗೆ ಕಾಲ

ಹಿಮಾಲಯದ ದೀರ್ಘ ಚಾರಣಕ್ಕೆ ಹೊರಡುವವರು ತಿಂಗಳುಗಟ್ಟಲೆ ಬೆಟ್ಟ ಹತ್ತಿ ಮೈ ಹುರಿಗೊಳಿಸುತ್ತಾರೆ. ಅದು ಬೇಕಾದದ್ದೇ. ಆದರೆ ಆ ಎತ್ತರದಲ್ಲಿ ಕೈಹಿಡಿಯುವುದು ಬರೀ ತೋಳ್ಬಲವಲ್ಲ, ತಾಳ್ಮೆ.

ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂಬ ಗಾದೆ ಹಿಮಾಲಯಕ್ಕೆ ಒಪ್ಪುವಷ್ಟು ಬೇರೆ ಯಾವ ಬೆಟ್ಟಕ್ಕೂ ಒಪ್ಪಲಾರದು. ಹಿಂದೆ ಕನ್ನಡನಾಡಿನಿಂದ ಅತ್ತ ಹೋಗುತ್ತಿದ್ದವರು ಬಹುಮಟ್ಟಿಗೆ ಬದರಿ, ಕೇದಾರಗಳ ಯಾತ್ರಿಕರು. ಈಗ ಬೆನ್ನಿಗೆ ಚೀಲ ಏರಿಸಿಕೊಂಡು, ಬರೀ ನಡೆಯುವ ಸುಖಕ್ಕಾಗಿ ಹೋಗುವವರ ಸಂಖ್ಯೆಯೂ ಸಾಕಷ್ಟಿದೆ. ಕಚೇರಿಯ ಗೆಳೆಯರು, ನಿವೃತ್ತ ಅಧ್ಯಾಪಕರು, ಮಕ್ಕಳನ್ನು ದಡ ಸೇರಿಸಿದ ಗೃಹಿಣಿಯರು ಎಲ್ಲರೂ ಈ ಪೈಕಿ ಇದ್ದಾರೆ. ಇವರಲ್ಲಿ ಹಲವರ ದೊಡ್ಡ ಕನಸು ನೇಪಾಳದ ಖುಂಬು ಕಣಿವೆಯ ದಾರಿ. ಲುಕ್ಲಾದಿಂದ ಹೊರಟು ಎವರೆಸ್ಟ್ ಶಿಖರದ ತಳಶಿಬಿರ ಮುಟ್ಟಿ ಬರುವುದು.

ಹೋಗಿ ಬರುವ ಹಾದಿ ಸುಮಾರು 130 ಕಿಲೋಮೀಟರ್. ಹನ್ನೆರಡರಿಂದ ಹದಿನಾಲ್ಕು ದಿನಗಳ ನಡಿಗೆ. ಹಗ್ಗ ಬೇಡ, ಹಿಮಗೊಡಲಿ ಬೇಡ. ದಾರಿಯುದ್ದಕ್ಕೂ ಉಳಿಯಲು ಚಹಾಮನೆಗಳಿವೆ, ಬಿಸಿ ಊಟ ಸಿಗುತ್ತದೆ. ಇಷ್ಟು ಕೇಳಿದವರಿಗೆ ‘ದಿನಾ ಐದು ಕಿಲೋಮೀಟರ್ ಓಡಿದರೆ ಸಾಲದೇ?’ ಎಂಬ ಪ್ರಶ್ನೆ ಬರುವುದು ಸಹಜ. ಸಾಲದು ಎಂಬುದೇ ಉತ್ತರ. ಹತ್ತು ಕಿಲೋಮೀಟರ್ ಓಡಿದರೂ ಅದರಿಂದಲೇ ಕೆಲಸ ಮುಗಿಯುವುದಿಲ್ಲ. ಏಕೆಂದರೆ ಅಲ್ಲಿ ಎರಡು ಬೇರೆ ಬೇರೆ ಪರೀಕ್ಷೆಗಳಿವೆ. ಒಂದು ಕಾಲಿನದು, ಇನ್ನೊಂದು ಉಸಿರಿನದು. ಮೊದಲನೆಯದಕ್ಕೆ ಊರಿನಲ್ಲಿ ತಯಾರಾಗಬಹುದು. ಎರಡನೆಯದಕ್ಕೆ ದಾರಿಯಲ್ಲೇ ತಯಾರಾಗಬೇಕು.

ಗಾಳಿ ತೆಳುವಾದಾಗ

ಎತ್ತರಕ್ಕೆ ಹೋದಂತೆ ಗಾಳಿಯಲ್ಲಿ ಆಮ್ಲಜನಕದ ಪಾಲು ಕಡಿಮೆಯಾಗುತ್ತದೆ ಎಂದು ನಾವು ಮಾತಿಗೆ ಹೇಳುತ್ತೇವೆ. ನಿಜವಾಗಿ ಪಾಲು ಎಲ್ಲೆಡೆ ಒಂದೇ. ಮಂಗಳೂರಿನ ಕಡಲ ತಡಿಯಲ್ಲೂ ಎವರೆಸ್ಟಿನ ನೆತ್ತಿಯಲ್ಲೂ ಸುಮಾರು ಶೇ 21. ಕಡಿಮೆಯಾಗುವುದು ಗಾಳಿಯ ಒತ್ತಡ. ಒತ್ತಡ ಇಳಿದಾಗ ಒಂದೊಂದು ಉಸಿರಿಗೂ ಒಳಗೆ ಹೋಗುವ ಆಮ್ಲಜನಕ ಇಳಿಯುತ್ತದೆ. ಲುಕ್ಲಾದ ಮೇಲಿನ ನಾಮ್ಚೆ ಬಜಾರ್ 3,440 ಮೀಟರ್ ಎತ್ತರದಲ್ಲಿದೆ. ಅಲ್ಲಿ ಒತ್ತಡ ಸಮುದ್ರಮಟ್ಟದ ಮೂರನೇ ಎರಡರಷ್ಟು. 5,364 ಮೀಟರ್ ಎತ್ತರದ ತಳಶಿಬಿರದಲ್ಲಿ ಹೆಚ್ಚುಕಡಿಮೆ ಅರ್ಧ. ಅಂದರೆ ಇಲ್ಲಿ ಒಂದು ಉಸಿರಿಗೆ ದಕ್ಕುವುದನ್ನು ಅಲ್ಲಿ ಎರಡು ಉಸಿರಿನಲ್ಲಿ ಗಳಿಸಬೇಕು.

ದೇಹ ಇದಕ್ಕೆ ಹೊಂದಿಕೊಳ್ಳಬಲ್ಲದು, ಆದರೆ ಅದರದೇ ಲೆಕ್ಕದಲ್ಲಿ. ಮೊದಲ ಕೆಲವು ಗಂಟೆಗಳಲ್ಲೇ ಉಸಿರಾಟ ಹೆಚ್ಚುತ್ತದೆ. ಹೆಚ್ಚು ಉಸಿರಾಡಿದರೆ ಇಂಗಾಲದ ಡೈಆಕ್ಸೈಡ್ ಹೊರಹೋಗಿ ರಕ್ತದ ಆಮ್ಲ–ಕ್ಷಾರ ಸಮತೋಲ ಏರುಪೇರಾಗುತ್ತದೆ. ಅದನ್ನು ಸರಿಪಡಿಸಲು ಮೂತ್ರಪಿಂಡಗಳಿಗೆ ಕೆಲವು ದಿನ ಬೇಕು. ಎತ್ತರದಲ್ಲಿ ಪದೇ ಪದೇ ಮೂತ್ರಕ್ಕೆ ಹೋಗಬೇಕಾಗುವುದಕ್ಕೆ ಇದೂ ಒಂದು ಕಾರಣ. ಕೆಂಪು ರಕ್ತಕಣಗಳು ಹೆಚ್ಚುವುದಕ್ಕಂತೂ ವಾರಗಳೇ ಹಿಡಿಯುತ್ತವೆ. ರಾತ್ರಿ ಮಲಗಿದಾಗ ಉಸಿರು ಜೋರಾಗಿ, ನಿಧಾನವಾಗಿ, ಕೆಲವು ಕ್ಷಣ ನಿಂತೇ ಹೋಗಿ, ಮತ್ತೆ ಗಕ್ಕನೆ ಶುರುವಾಗುವುದುಂಟು. ಪಕ್ಕದಲ್ಲಿ ಮಲಗಿದವರಿಗೆ ಗಾಬರಿ ಹುಟ್ಟಿಸುವ ಈ ಏರಿಳಿತ ಅಲ್ಲಿ ಸಾಮಾನ್ಯ.

ಹೊಂದಿಕೊಳ್ಳಲು ಬಿಡುವು ಕೊಡದೆ ಮೇಲೇರಿದರೆ ಬರುವುದು ಎತ್ತರದ ಕಾಯಿಲೆ. ಮೊದಲು ತಲೆನೋವು, ಊಟ ಬೇಡವೆನಿಸುವುದು, ವಾಕರಿಕೆ, ಸುಸ್ತು, ತಲೆಸುತ್ತು. ಇದು ಉಲ್ಬಣಿಸಿದರೆ ಮಿದುಳಿನಲ್ಲಿ ಊತ ಉಂಟಾಗಬಹುದು. ಎತ್ತರದ ಇನ್ನೊಂದು ಅಪಾಯ ಶ್ವಾಸಕೋಶದಲ್ಲಿ ನೀರು ತುಂಬುವುದು. ಇವೆರಡೂ ಪ್ರಾಣಕ್ಕೆ ಎರವಾಗಬಲ್ಲವು.

ಸೈನಿಕರು ಕಲಿಸಿದ ಪಾಠ

‘ನಾನು ಗಟ್ಟಿಮುಟ್ಟಾಗಿದ್ದೇನೆ, ನನಗೆ ಅದೆಲ್ಲ ಬರುವುದಿಲ್ಲ’ ಎನ್ನುವವರಿಗೆ ನಮ್ಮ ಸೇನೆಯ ಅನುಭವವೇ ಉತ್ತರ. 1962ರ ಚೀನಾ ಯುದ್ಧದ ಕಾಲದಲ್ಲಿ ಬಯಲಿನಲ್ಲಿದ್ದ ಸೈನಿಕರನ್ನು ತರಾತುರಿಯಲ್ಲಿ ಹಿಮಾಲಯದ ಎತ್ತರಗಳಿಗೆ ಸಾಗಿಸಬೇಕಾಯಿತು. ಅವರಲ್ಲಿ ಅನೇಕರು ಗುಂಡಿನ ಸದ್ದು ಕೇಳುವ ಮುನ್ನವೇ ಹಾಸಿಗೆ ಹಿಡಿದರು. ಡಾ. ಇಂದರ್ ಸಿಂಗ್ ಮತ್ತು ಸಂಗಡಿಗ ವೈದ್ಯರು 1,925 ಸೈನಿಕರ ಕಾಯಿಲೆಯ ವಿವರಗಳನ್ನು ಕಲೆಹಾಕಿ 1969ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಎತ್ತರದ ಕಾಯಿಲೆಯ ಬಗ್ಗೆ ಜಗತ್ತು ಇಂದಿಗೂ ಉಲ್ಲೇಖಿಸುವ ಅಧ್ಯಯನಗಳಲ್ಲಿ ಅದೂ ಒಂದು. ಕಾಯಿಲೆ ಬಿದ್ದವರು ಮೈಗಳ್ಳರಲ್ಲ, ಕವಾಯತಿನಲ್ಲಿ ಪಳಗಿದ ಯುವಕರು ಎಂಬುದನ್ನು ಮರೆಯುವಂತಿಲ್ಲ.

ಎವರೆಸ್ಟ್ ದಾರಿಯಲ್ಲೇ ನಡೆದ ಇನ್ನೊಂದು ಅಧ್ಯಯನ ಇನ್ನಷ್ಟು ಸ್ಪಷ್ಟವಾಗಿ ಮಾತನಾಡುತ್ತದೆ. ಸುಮಾರು 4,300 ಮೀಟರ್ ಎತ್ತರದ ಫೆರಿಚೆ ಎಂಬ ಹಳ್ಳಿಯಲ್ಲಿ ಪೀಟರ್ ಹ್ಯಾಕೆಟ್ ಮತ್ತು ಡ್ರಮಂಡ್ ರೆನ್ನಿ ಎಂಬ ವೈದ್ಯರು 278 ಚಾರಣಿಗರನ್ನು ಪರೀಕ್ಷಿಸಿ, ಫಲಿತಾಂಶವನ್ನು 1976ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಅವರಲ್ಲಿ ಶೇ 53 ಮಂದಿಗೆ ಎತ್ತರದ ಕಾಯಿಲೆ ತಗುಲಿತ್ತು. ಲುಕ್ಲಾಕ್ಕೆ ವಿಮಾನದಲ್ಲಿ ಬಂದವರಲ್ಲಿ, ಬೇಗ ಬೇಗ ಮೇಲೇರಿದವರಲ್ಲಿ, ನಡುವೆ ತಂಗದೆ ಬಂದವರಲ್ಲಿ ಅದು ಹೆಚ್ಚು. ಹೆಂಗಸರು ಗಂಡಸರೆಂಬ ಭೇದವಿರಲಿಲ್ಲ. ವಯಸ್ಸಾದವರಿಗಿಂತ ಎಳೆಯರಲ್ಲೇ ಹೆಚ್ಚು ಕಂಡಿತ್ತು. ಬಿಸಿರಕ್ತದವರು ಧಾವಿಸುತ್ತಾರೆ, ಮಾಗಿದವರು ನಿಧಾನಿಸುತ್ತಾರೆ ಎಂದು ನಾವು ಅರ್ಥ ಮಾಡಿಕೊಳ್ಳಬಹುದೇನೋ!

ಹಾಗಾದರೆ ದೇಹ ಗಟ್ಟಿಯಾಗಿರುವುದರಿಂದ ಲಾಭವೇ ಇಲ್ಲವೇ? ಖಂಡಿತ ಇದೆ. ದಿನಕ್ಕೆ ಆರೇಳು ಗಂಟೆ ನಡೆದರೂ ದಣಿಯದವನಿಗೆ ದಾರಿಯ ಸೊಬಗು ಕಾಣುತ್ತದೆ, ಹೆಜ್ಜೆ ತಪ್ಪುವುದಿಲ್ಲ, ಚಳಿ ತಡೆಯುವ ಶಕ್ತಿ ಉಳಿದಿರುತ್ತದೆ. ಆದರೆ ಅದೇ ಶಕ್ತಿ ಅವನನ್ನು ಅವಸರಕ್ಕೆ ದೂಡಲೂಬಹುದು. ಅಪಾಯ ಅಲ್ಲಿದೆ.

ಮೊದಲ ತಯಾರಿ ರಜೆಯದು

1953ರಲ್ಲಿ ಹಿಲರಿ, ತೇನ್‌ಸಿಂಗ್ ಇದ್ದ ಬ್ರಿಟಿಷ್ ತಂಡ ಕಠ್ಮಂಡು ಕಣಿವೆಯಿಂದ ಹೊರಟಿದ್ದು ಮಾರ್ಚ್ 10ರಂದು. ತೆಂಗ್‌ಬೋಚೆ ಬೌದ್ಧ ವಿಹಾರ ತಲುಪಲು ಎರಡು ವಾರಕ್ಕೂ ಹೆಚ್ಚು ಕಾಲ ನಡೆಯಿತು. ಆಮೇಲೂ ಎತ್ತರಕ್ಕೆ ಒಗ್ಗಿಕೊಳ್ಳಲೆಂದೇ ಸುಮಾರು ಮೂರು ವಾರ ಸುತ್ತಮುತ್ತಲ ಬೆಟ್ಟಗಳಲ್ಲಿ ಓಡಾಡಿಕೊಂಡಿತ್ತು. ಇಂದಿನ ಚಾರಣಿಗ ಬೆಂಗಳೂರಿನಲ್ಲಿ ಉಪಾಹಾರ ಮುಗಿಸಿ ಹೊರಟರೆ ಮರುದಿನ 2,860 ಮೀಟರ್ ಎತ್ತರದ ಲುಕ್ಲಾದಲ್ಲಿ ಇಳಿದಿರುತ್ತಾನೆ. ಆ ಪುಟ್ಟ ವಿಮಾನನಿಲ್ದಾಣವನ್ನು 1964ರಲ್ಲಿ ಹಿಲರಿಯವರೇ ಮುಂದೆ ನಿಂತು ಕಟ್ಟಿಸಿದರು. ಶೆರ್ಪಾ ಹಳ್ಳಿಗಳಿಗೆ ಆಸ್ಪತ್ರೆ ಕಟ್ಟುವ ಸಾಮಗ್ರಿ ಸಾಗಿಸಲು ಮಾಡಿದ ಅನುಕೂಲ ಅದು. ಮುಂದೆ ಚಾರಣಿಗರ ಹೆಬ್ಬಾಗಿಲಾಯಿತು. ವಾರಗಳು ಉಳಿದವು. ಆದರೆ ದೇಹಕ್ಕೆ ಬೇಕಾದ ವಾರಗಳೂ ಕೈತಪ್ಪಿದವು.

ಆದ್ದರಿಂದ ತಯಾರಿಯ ಮೊದಲ ಹೆಜ್ಜೆ ಬೂಟು ಕೊಳ್ಳುವುದಲ್ಲ, ಸಾಕಷ್ಟು ರಜೆ ಹೊಂದಿಸಿಕೊಳ್ಳುವುದು. ವೈದ್ಯರ ಸೂತ್ರ ಸರಳ: 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗದ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬಾರದು, ಮೂರ್ನಾಲ್ಕು ದಿನಕ್ಕೊಮ್ಮೆ ಒಂದೇ ಕಡೆ ಎರಡು ರಾತ್ರಿ ಕಳೆಯಬೇಕು. ಹಗಲು ಎಷ್ಟು ಮೇಲೆ ಹೋದಿರಿ ಎಂಬುದಕ್ಕಿಂತ ರಾತ್ರಿ ಎಲ್ಲಿ ತಲೆ ಇಟ್ಟಿರಿ ಎಂಬುದು ಮುಖ್ಯ.

ಖುಂಬು ದಾರಿಯಲ್ಲಿ ಈ ಸೂತ್ರ ಹೀಗೆ ಕೆಲಸ ಮಾಡುತ್ತದೆ. ಮೊದಲ ರಾತ್ರಿ ಫಕ್ಡಿಂಗ್, 2,610 ಮೀಟರ್. ಎರಡನೆಯದು ನಾಮ್ಚೆ, 3,440. ಇಲ್ಲಿ ಒಂದೇ ದಿನ 830 ಮೀಟರ್ ಏರಿದ್ದರಿಂದ ಮೂರನೇ ರಾತ್ರಿಯೂ ಅಲ್ಲೇ. ಆ ಹಗಲು ಸುಮ್ಮನೆ ಮಲಗದೆ ಮೇಲಿನ ಗುಡ್ಡಕ್ಕೆ ಹತ್ತಿ ಇಳಿಯಬೇಕು. ಮುಂದೆ ತೆಂಗ್‌ಬೋಚೆ, 3,860. ಬಳಿಕ ಡಿಂಗ್‌ಬೋಚೆ, 4,410. ಅಲ್ಲಿ ಮತ್ತೆ ಎರಡು ರಾತ್ರಿ. ಆಮೇಲೆ ಲೊಬುಚೆ, 4,940. ಎಂಟನೇ ದಿನ 5,164 ಮೀಟರಿನ ಗೋರಕ್ ಶೆಪ್‌ನಲ್ಲಿ ಚೀಲ ಇಳಿಸಿ ತಳಶಿಬಿರ ನೋಡಿ ಬರುವುದು. ತಳಶಿಬಿರದಿಂದ ಎವರೆಸ್ಟಿನ ನೆತ್ತಿ ಕಾಣುವುದಿಲ್ಲ ಎಂಬುದು ಹಲವರಿಗೆ ಅಲ್ಲಿಗೆ ಹೋದ ಮೇಲೆ ತಿಳಿಯುವ ಸಂಗತಿ. ಅದಕ್ಕಾಗಿ ಒಂಬತ್ತನೇ ದಿನ ಮುಂಜಾವಿನಲ್ಲಿ ಕಾಲಾಪತ್ಥರ್ ಗುಡ್ಡ ಏರಬೇಕು. ಅಲ್ಲಿಂದ ಇಳಿಕೆ, ಮೂರು ದಿನದಲ್ಲಿ ಲುಕ್ಲಾ.

ಇದರ ಮೇಲೆ ಎರಡು ಮೂರು ದಿನ ಕೈಯಲ್ಲಿರಲಿ. ಲುಕ್ಲಾದ ವಿಮಾನಗಳು ಮೋಡದ ಮರ್ಜಿಗೆ ಕಾಯುತ್ತವೆ. ಅದಕ್ಕಿಂತ ಹೆಚ್ಚಾಗಿ, ನಡುವೆ ಯಾರಿಗಾದರೂ ತಲೆನೋವು ಬಂದರೆ ‘ಇವತ್ತು ಇಲ್ಲೇ ಇರೋಣ’ ಎನ್ನಲು ಆ ದಿನಗಳು ಬೇಕು. ಮರಳುವ ಟಿಕೆಟ್ಟಿನ ತಾರೀಖು ಜೇಬಿನಲ್ಲಿ ಚುಚ್ಚುತ್ತಿದ್ದರೆ ಈ ಮಾತು ಬಾಯಿಗೆ ಬರುವುದಿಲ್ಲ.

ಮೂರು ತಿಂಗಳ ಕಸರತ್ತು

ಎತ್ತರಕ್ಕೆ ಒಗ್ಗುವ ಅಭ್ಯಾಸವನ್ನು ಕರ್ನಾಟಕದಲ್ಲಿ ಮಾಡಲಾಗದು. ನಮ್ಮ ಅತ್ಯುನ್ನತ ಶಿಖರ ಮುಳ್ಳಯ್ಯನಗಿರಿಯೇ 1,930 ಮೀಟರ್, ಅಂದರೆ ಲುಕ್ಲಾಕ್ಕಿಂತ 900 ಮೀಟರ್ ಕೆಳಗೆ. ಆದರೆ ಕಾಲಿನ ತಯಾರಿಗೆ ನಮ್ಮ ಬೆಟ್ಟಗಳು ಧಾರಾಳ ಸಾಕು.

ಮೊದಲ ತಿಂಗಳು ವಾರಕ್ಕೆ ಐದು ದಿನ ಮುಕ್ಕಾಲು ಗಂಟೆ ಬಿರುಸಿನ ನಡಿಗೆ. ಕಚೇರಿಯಲ್ಲಿ ಲಿಫ್ಟಿಗೆ ರಜೆ ಕೊಟ್ಟು ಮೆಟ್ಟಿಲು ಹತ್ತುವುದು. ಎರಡನೇ ತಿಂಗಳಿಂದ ಬೆನ್ನಿಗೆ ಐದಾರು ಕಿಲೋ ತೂಕದ ಚೀಲ. ನೀರಿನ ಬಾಟಲಿ ತುಂಬಿಕೊಂಡರಾಯಿತು. ವಾರದ ಕೊನೆಗೆ ಬೆಟ್ಟ. ಮೈಸೂರಿನವರಿಗೆ ಚಾಮುಂಡಿಯ ಸಾವಿರ ಮೆಟ್ಟಿಲುಗಳಿವೆ, ಬೆಂಗಳೂರಿನವರಿಗೆ ನಂದಿಬೆಟ್ಟವಿದೆ. ಒಮ್ಮೆ ಹತ್ತಿ ತಿಂಡಿ ತಿಂದು ಬಸ್ಸಿನಲ್ಲಿ ಇಳಿಯುವುದಲ್ಲ. ಎರಡು ಮೂರು ಸಲ ಹತ್ತಿ, ಅಷ್ಟೇ ಸಲ ಇಳಿಯಬೇಕು. ಹತ್ತುವಾಗ ಎದೆಗೆ ಅಭ್ಯಾಸವಾದರೆ ಇಳಿಯುವಾಗ ತೊಡೆ ಮತ್ತು ಮೊಣಕಾಲಿಗೆ. ಹಿಮಾಲಯದಲ್ಲಿ ಮೊಣಕಾಲು ಕೈಕೊಡುವುದು ಹೆಚ್ಚಾಗಿ ಇಳಿಜಾರಿನಲ್ಲೇ.

ಮೂರನೇ ತಿಂಗಳಲ್ಲಿ ಸತತ ಎರಡು ದಿನ ನಡೆಯುವ ಅಭ್ಯಾಸ ಬೇಕು. ಅರಣ್ಯ ಇಲಾಖೆಯ ಅನುಮತಿ ಪಡೆದು ಕುಕ್ಕೆಯ ಕಡೆಯಿಂದ 1,712 ಮೀಟರಿನ ಕುಮಾರಪರ್ವತ ಹತ್ತಿ ಬಂದರೆ ಅದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ. ಸಾವಿರದೈನೂರು ಮೀಟರಿಗೂ ಮಿಕ್ಕಿದ ಏರು ಅದು. ಮರುದಿನ ಬೆಳಿಗ್ಗೆ ಎದ್ದಾಗ ಮತ್ತೆ ನಡೆಯುವ ಮನಸ್ಸಿದೆಯೇ ನೋಡಿಕೊಳ್ಳಿ. ಹೊರಡುವ ವಾರ ಮಾತ್ರ ದೇಹಕ್ಕೆ ವಿಶ್ರಾಂತಿ ಕೊಡಿ.

ಇದೇ ಅವಧಿಯಲ್ಲಿ ವೈದ್ಯರನ್ನು ಕಾಣಬೇಕು. ಹೃದ್ರೋಗ, ರಕ್ತದೊತ್ತಡ, ಸಕ್ಕರೆ ಕಾಯಿಲೆ, ಉಬ್ಬಸ ಇರುವವರು ಮುಚ್ಚಿಡದೆ ಹೇಳಬೇಕು. ಹುಳುಕು ಹಲ್ಲಿದ್ದರೆ ಅದನ್ನೂ ಸರಿಪಡಿಸಿಕೊಳ್ಳಿ. ಡೈಮಾಕ್ಸ್ ಎಂದು ಹೆಸರಾದ ಅಸಿಟಜೋಲಮೈಡ್ ಮಾತ್ರೆ ದೇಹ ಒಗ್ಗಿಕೊಳ್ಳುವುದನ್ನು ಚುರುಕುಗೊಳಿಸುತ್ತದೆ ನಿಜ. ಆದರೆ ಎಲ್ಲರಿಗೂ ಆಗಿಬರುವುದಿಲ್ಲ. ಸಲ್ಫಾ ಔಷಧಿಗಳ ಅಲರ್ಜಿ ಇರುವವರು ವಿಶೇಷವಾಗಿ ವೈದ್ಯರನ್ನು ಕೇಳಬೇಕು. ಅದು ನಿಧಾನ ನಡಿಗೆಗೆ ಬದಲಿಯೂ ಅಲ್ಲ. ಕರ್ಪೂರ ಮೂಸುವುದು, ಬೆಳ್ಳುಳ್ಳಿ ಸೂಪು ಕುಡಿಯುವುದು ಯಾತ್ರಿಕರ ನಡುವೆ ರೂಢಿಯಲ್ಲಿವೆ. ಸೂಪಿನಿಂದ ಮೈ ಬೆಚ್ಚಗಾಗಬಹುದು, ಕರ್ಪೂರದಿಂದ ಮೂಗು ಬಿಡಬಹುದು. ರಕ್ತಕ್ಕೆ ಆಮ್ಲಜನಕ ಸಿಗುವುದಿಲ್ಲ.

ಚಳಿ ಕೇಳುವುದಿಲ್ಲ

ಎತ್ತರದ ಇನ್ನೊಂದು ಶತ್ರು ಹವೆ. ಈ ಮಾತಿಗೆ ನಮ್ಮ ನಾಡು ಮರೆಯಲಾಗದ ಉದಾಹರಣೆ ನೇಪಾಳದ್ದಲ್ಲ, ಉತ್ತರಾಖಂಡದ್ದು. 2024ರ ಜೂನ್ ಮೊದಲ ವಾರ ಉತ್ತರಕಾಶಿ ಕಡೆಯ ಸಹಸ್ರತಾಲ್ ಚಾರಣದಲ್ಲಿ, ನಾಲ್ಕು ಸಾವಿರ ಮೀಟರಿಗೂ ಮೇಲೆ, 22 ಜನರ ತಂಡವೊಂದು ಹಿಮಗಾಳಿಗೆ ಸಿಕ್ಕಿತು. ಬಹುಪಾಲು ಕರ್ನಾಟಕದವರು. ಒಂಬತ್ತು ಮಂದಿ ಮರಳಲಿಲ್ಲ. ಅದು ಚಳಿಗಾಲವಲ್ಲ, ಚಾರಣದ ಹಂಗಾಮಿನ ಬೇಸಿಗೆ ಎಂಬುದನ್ನು ಗಮನಿಸಬೇಕು. ಹಿಮಾಲಯದಲ್ಲಿ ತಿಂಗಳ ಹೆಸರು ನೋಡಿ ಬಟ್ಟೆ ಕಟ್ಟುವಂತಿಲ್ಲ.

ಬಟ್ಟೆಯ ಗುಟ್ಟು ದಪ್ಪದಲ್ಲಿಲ್ಲ, ಪದರಗಳಲ್ಲಿದೆ. ಮೈಗೆ ತಾಗುವ ಪದರ ಬೆವರು ಹೀರಿ ಬೇಗ ಒಣಗುವಂಥದ್ದು. ನಡುವಿನದು ಉಣ್ಣೆ ಅಥವಾ ಫ್ಲೀಸ್. ಮೇಲಿನದು ಗಾಳಿ, ಮಳೆ ತಡೆಯುವ ಅಂಗಿ. ನಿಂತಾಗ, ಕೂತಾಗ ಹಾಕಲು ಗರಿ ತುಂಬಿದ ಡೌನ್ ಜಾಕೆಟ್. ನಮಗೆ ಪ್ರಿಯವಾದ ಹತ್ತಿಯ ಬನಿಯನ್ ಅಲ್ಲಿ ವೈರಿ. ಒದ್ದೆಯಾದರೆ ಒಣಗದೆ ಮೈಯ ಶಾಖವನ್ನೆಲ್ಲ ಕದಿಯುತ್ತದೆ. ಒಂದು ಜೊತೆ ಒಳಉಡುಪು, ಕಾಲುಚೀಲ, ಕೈಗವಸುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಸದಾ ಜೊತೆಗಿಟ್ಟುಕೊಳ್ಳಿ. ಅದು ಹಮಾಲನ ಹೊರೆಯಲ್ಲಿ ಇರಬಾರದು, ನಿಮ್ಮ ಬೆನ್ನ ಮೇಲೆಯೇ ಇರಬೇಕು. ಗಾಳಿ ಎದ್ದಾಗ ಹಮಾಲ ಎಲ್ಲಿರುತ್ತಾನೋ!

ಬೂಟು ಹೊರಡುವ ಎರಡು ತಿಂಗಳು ಮೊದಲೇ ಕೊಂಡು ಪಳಗಿಸಿ. ಸಂಜೆಯ ಹೊತ್ತು, ದಪ್ಪ ಕಾಲುಚೀಲ ತೊಟ್ಟು ಅಳತೆ ನೋಡಿ. ಇಳಿಯುವಾಗ ಬೆರಳು ಮುಂದೆ ತಾಗಬಾರದು. ಕಪ್ಪು ಕನ್ನಡಕ ಶೋಕಿಗಲ್ಲ, ಹಿಮದ ಝಳಕ್ಕೆ ಕಣ್ಣು ಕುರುಡಾಗದಿರಲು. ಕೋಲು ಎರಡಿರಲಿ, ಮೊಣಕಾಲಿನ ಭಾರ ಹಂಚಿಕೊಳ್ಳುತ್ತವೆ. ಎದುರಿಗೆ ಯಾಕ್ ಹಿಂಡು ಬಂದರೆ ಕಣಿವೆಯ ಕಡೆ ಸರಿಯದೆ ಗುಡ್ಡದ ಬದಿಗೆ ಒರಗಿ ನಿಲ್ಲಬೇಕು.

ಊಟದ ಚಿಂತೆ ಸಸ್ಯಾಹಾರಿಗಳಿಗೆ ಇಲ್ಲ. ಅನ್ನ, ಬೇಳೆ, ಪಲ್ಯದ ದಾಲ್ ಭಾತ್ ಎಲ್ಲೆಡೆ ಸಿಗುತ್ತದೆ. ಮಾಂಸ ಕೆಳಗಿನಿಂದ ಹೊತ್ತು ಬರುವಂಥದ್ದಾದ್ದರಿಂದ ನಾಮ್ಚೆಯ ಮೇಲೆ ಮಾಂಸಾಹಾರಿಗಳೂ ಬಿಡುವುದು ಒಳ್ಳೆಯದು. ಎತ್ತರದಲ್ಲಿ ಹಸಿವು ಸತ್ತಾಗ ಮನೆಯ ಚಟ್ನಿಪುಡಿ, ಹುರಿಹಿಟ್ಟು, ಕಡಲೆಮಿಠಾಯಿ ನಾಲಿಗೆಯನ್ನು ಒಲಿಸುತ್ತವೆ. ದಿನಕ್ಕೆ ಮೂರು ಲೀಟರಿನಷ್ಟು ನೀರು ಬೇಕು. ಮದ್ಯವೂ ನಿದ್ದೆಮಾತ್ರೆಯೂ ಬೇಡ.

ಹೊರೆ ಹೊರುವವರನ್ನು ಮರೆಯಬೇಡಿ. ನಮ್ಮ ಚೀಲ ಹೊರುವ ಹಮಾಲರೆಲ್ಲ ಎತ್ತರದಲ್ಲಿ ಹುಟ್ಟಿದ ಶೆರ್ಪಾಗಳಲ್ಲ. ಕೆಳಗಿನ ಬೆಟ್ಟಸೀಮೆಯಿಂದ ಕೂಲಿಗಾಗಿ ಬಂದವರು ಬಹಳ. ಎತ್ತರದ ಕಾಯಿಲೆ ಅವರಿಗೂ ಬರುತ್ತದೆ. ಕೂಲಿ ಕೈತಪ್ಪುವ ಹೆದರಿಕೆಯಿಂದ ಹೇಳಿಕೊಳ್ಳುವುದಿಲ್ಲ. ಅವರಿಗೆ ಬೆಚ್ಚನೆಯ ಬಟ್ಟೆ, ಮಲಗಲು ಜಾಗ ಇದೆಯೇ ಎಂದು ವಿಚಾರಿಸುವುದೂ ಚಾರಣಿಗನ ತಯಾರಿಯೇ.

ಇಳಿಯುವ ಧೈರ್ಯ

1973ರಲ್ಲಿ ಸ್ಥಾಪನೆಯಾದ ಹಿಮಾಲಯನ್ ರೆಸ್ಕ್ಯೂ ಅಸೋಸಿಯೇಷನ್ ಫೆರಿಚೆಯಲ್ಲಿ ಚಾರಣದ ಹಂಗಾಮಿನಲ್ಲಿ ಚಿಕಿತ್ಸಾಲಯ ನಡೆಸುತ್ತದೆ. ಅಲ್ಲಿನ ವೈದ್ಯರು ದಾರಿಹೋಕರಿಗೆ ಹೇಳುವ ಪಾಠದ ತಿರುಳು ಮೂರು ಮಾತುಗಳದು. ಎತ್ತರದಲ್ಲಿ ಮೈ ಸರಿಯಿಲ್ಲವೆಂದರೆ, ಬೇರೆ ಕಾರಣ ಖಚಿತವಾಗುವವರೆಗೆ ಅದು ಎತ್ತರದ ಕಾಯಿಲೆ ಎಂದೇ ತಿಳಿಯಬೇಕು. ಆ ಲಕ್ಷಣಗಳಿರುವಾಗ ಇನ್ನೂ ಮೇಲೆ ಹೋಗಬಾರದು. ಹೆಚ್ಚುತ್ತಾ ಹೋದರೆ ತಕ್ಷಣ ಇಳಿಯಬೇಕು, ರಾತ್ರಿಯಾದರೂ ಸರಿ.

ಕುಳಿತಲ್ಲೇ ಏದುಸಿರು, ಬಿಡದ ಕೆಮ್ಮು, ನೀಲಿಗಟ್ಟಿದ ತುಟಿ ಕಂಡರೆ ಶ್ವಾಸಕೋಶದ ತೊಂದರೆ. ಕುಡಿದವರಂತೆ ತೂರಾಡುವುದು, ಮಾತು ತೊದಲುವುದು, ಗೊಂದಲಕ್ಕೀಡಾಗುವುದು ಕಂಡರೆ ಮಿದುಳಿನ ತೊಂದರೆ. ನೆಲದ ಮೇಲೆ ಗೆರೆ ಎಳೆದು, ಒಂದು ಪಾದದ ಬೆರಳಿಗೆ ಇನ್ನೊಂದರ ಹಿಮ್ಮಡಿ ತಾಗಿಸಿ ನಡೆಯಲು ಹೇಳಿ. ಆಗದಿದ್ದರೆ ಚರ್ಚೆ ಬೇಡ, ಕೆಳಗಿಳಿಸಿ. ಜೊತೆಗೊಬ್ಬರು ಇರಲೇಬೇಕು, ಅಂಥವರನ್ನು ಒಬ್ಬರೇ ಬಿಡುವಂತಿಲ್ಲ. ಆಮ್ಲಜನಕ, ಔಷಧಿಗಳು ಇದ್ದರೆ ನೆರವಾಗುತ್ತವೆ, ಆದರೆ ಮೂಲ ಚಿಕಿತ್ಸೆ ಇಳಿಯುವುದೇ. ಹೆಲಿಕಾಪ್ಟರ್ ಬರುವುದು ಹವೆ ಬಿಟ್ಟರೆ ಮಾತ್ರ. ಅದರ ಬಾಡಿಗೆ ಲಕ್ಷಗಳ ಲೆಕ್ಕ. ಅಷ್ಟು ಎತ್ತರದ ರಕ್ಷಣೆಯನ್ನು ಒಳಗೊಂಡ ವಿಮೆ ಮಾಡಿಸಿಕೊಂಡೇ ಹೊರಡಬೇಕು.

ಓದಲು ಸುಲಭವಾದ ಈ ನಿಯಮಗಳು ದಾರಿಯಲ್ಲಿ ಕಷ್ಟ. ನೇಪಾಳದ ಚಾರಣಿಗರ ಸಾವುಗಳ ಕುರಿತು 1992ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಎತ್ತರದ ಕಾಯಿಲೆಯಿಂದ ಸತ್ತವರ ಪೈಕಿ ಹೆಚ್ಚಿನವರು ಸಂಘಟಿತ ತಂಡಗಳ ಜೊತೆ ಹೋದವರಾಗಿದ್ದರು. ಕಾರಣ ಊಹಿಸುವುದು ಕಷ್ಟವಲ್ಲ. ತಂಡಕ್ಕೊಂದು ವೇಳಾಪಟ್ಟಿ ಇರುತ್ತದೆ. ನನ್ನಿಂದ ಎಲ್ಲರಿಗೂ ತೊಂದರೆ ಎಂಬ ಸಂಕೋಚ, ಹಿಂದೆ ಬಿದ್ದೆನೆಂಬ ನಾಚಿಕೆ, ಕಟ್ಟಿದ ಹಣದ ಚಿಂತೆ ಎಲ್ಲ ಸೇರಿ ತಲೆನೋವನ್ನು ಮುಚ್ಚಿಡುವಂತೆ ಮಾಡುತ್ತವೆ.

ಆದ್ದರಿಂದ ಊರು ಬಿಡುವ ಮುನ್ನವೇ ತಂಡದವರೆಲ್ಲ ಒಂದೆಡೆ ಕುಳಿತು ಮಾತಾಡಿಕೊಳ್ಳುವುದು ಲೇಸು. ಯಾರಿಗಾದರೂ ಮೈ ಸರಿಯಿಲ್ಲದಿದ್ದರೆ ಜೊತೆಗೆ ಇಳಿಯುವವರು ಯಾರು? ಮಾರ್ಗದರ್ಶಿ ಬೇಡವೆಂದರೆ ಎಲ್ಲರೂ ಕೇಳುತ್ತೇವೆಯೇ? ಮೋಡ ಕವಿದರೆ ಎಷ್ಟು ಗಂಟೆಯ ಮೇಲೆ ಮುಂದೆ ಹೋಗುವುದಿಲ್ಲ? ಸಂಸ್ಥೆಯೊಂದರ ಮೂಲಕ ಹೋಗುವುದಾದರೆ ಇವೇ ಪ್ರಶ್ನೆಗಳನ್ನು ಅವರಿಗೂ ಕೇಳಿ. ಹೆಚ್ಚುವರಿ ದಿನಗಳಿಲ್ಲದ, ಹಿಂದೆ ಇಳಿಸುವ ವ್ಯವಸ್ಥೆಯಿಲ್ಲದ ಅಗ್ಗದ ಚಾರಣ ನಿಜಕ್ಕೂ ಅಗ್ಗವಲ್ಲ.

ಖುಂಬು ದಾರಿಯಲ್ಲಿ ಮಾರ್ಗದರ್ಶಿಗಳ ಬಾಯಲ್ಲಿ ಸದಾ ಕೇಳಿಬರುವ ನೇಪಾಳಿ ಮಾತು ‘ಬಿಸ್ತಾರೈ, ಬಿಸ್ತಾರೈ.’ ನಿಧಾನ, ನಿಧಾನ ಎಂದರ್ಥ. ನಾವೂ ನಿಧಾನವೇ ಪ್ರಧಾನ ಎಂದೇ ಹೇಳುತ್ತೇವೆ, ಆದರೆ ಬಸ್ಸು ಹತ್ತುವಾಗ ಮರೆಯುತ್ತೇವೆ. ಹಿಮಾಲಯದಲ್ಲಿ ಮರೆಯುವ ಹಾಗಿಲ್ಲ. ಅರ್ಧ ದಾರಿಯಿಂದ ಹಿಂತಿರುಗಿದವರಿಗೆ ಮುಂದಿನ ವರ್ಷವೂ ಆ ಬೆಟ್ಟ ಅಲ್ಲೇ ಇರುತ್ತದೆ. ಅದನ್ನು ನೋಡಲು ನಾವೂ ಇರಬೇಕು, ಅಷ್ಟೆ.